ಎರಡೂ ಎಡಗೈಯ ತೋಳು

ಬೀರುವಿನ ಎಡಭಾಗದಲ್ಲಿ ಏಳು ಉಡುಪುಗಳು ಬಿಳಿ ಗವಸು ತೊಟ್ಟು ತೂಗುತ್ತಿದ್ದವು. ಏಳನ್ನೂ ಅವಳು ಕೈಯಲ್ಲೇ ಹೊಲಿದಿದ್ದಳು. ಆರು ವರ್ಷದ ರಜಾದಿನಗಳೆಲ್ಲ ಅವುಗಳ ಮಡಿಕೆಯೊಳಗೆ ಸೇರಿಹೋಗಿದ್ದವು. ನೂರು ವರ್ಷ ಹಿಂದಿನ ಶಾಲಾ ಶಿಕ್ಷಕಿಯ ಉದ್ದ ಲಂಗ, ನೂರೈವತ್ತು ವರ್ಷ ಹಿಂದೆ ಹಡಗು ಹತ್ತಿದವಳ ನಿಲುವಂಗಿ, ಅದಕ್ಕೂ ಹಿಂದಿನ ಯಾರೋ ಸಿರಿವಂತ ವಿಧವೆಯ ಕಪ್ಪು ಅಂಗಿ. ಒಂದೂ ಮನೆಯ ಹೊಸ್ತಿಲು ದಾಟಿರಲಿಲ್ಲ. ಒಂದೊಂದಕ್ಕೂ ಒಂದೊಂದು ಕಾರಣವಿತ್ತು. ಲಂಗದ ಅಂಚು ಹಿಂದುಗಡೆ ಅರ್ಧ ಬೆರಳು ಇಳಿದಿತ್ತು. ನಿಲುವಂಗಿಗೆ ಹಚ್ಚಿದ ಗುಂಡಿಗಳು ಆ ಕಾಲದವಲ್ಲ, ಇಪ್ಪತ್ತು ವರ್ಷ ಈಚಿನವು ಎಂದು ಹೊಲಿದು ಮುಗಿಸಿದ ಮೇಲೆ ತಿಳಿದಿತ್ತು. ಕಪ್ಪು ಅಂಗಿಯಲ್ಲಿ ಏನು ಕೊರತೆ ಎಂದು ಅವಳಿಗೇ ಹೇಳಲಾಗುತ್ತಿರಲಿಲ್ಲ. ಕೊರತೆ ಇದೆ ಎಂಬುದು ಮಾತ್ರ ಖಾತ್ರಿಯಾಗಿತ್ತು.

ಹೀಗೆ ಹಳೆಯ ಕಾಲದ ಉಡುಪು ಹೊಲಿದು ತೊಡುವವರ ಬಳಗವೊಂದು ಊರಿನಲ್ಲಿತ್ತು. ಹನ್ನೆರಡು ಜನ. ತಿಂಗಳಿಗೊಮ್ಮೆ ತಮ್ಮ ತಮ್ಮ ಶತಮಾನ ತೊಟ್ಟುಕೊಂಡು ರೈಲು ನಿಲ್ದಾಣದ ಹಿಂದಿನ ಪಾರ್ಕಿನಲ್ಲಿ ಸೇರುತ್ತಿದ್ದರು. ಅಡ್ಡಾಡಿ, ಫ್ಲಾಸ್ಕಿನ ಚಹಾ ಕುಡಿದು, ಒಬ್ಬರ ಹೊಲಿಗೆಯನ್ನು ಒಬ್ಬರು ಹೊಗಳಿ ಮನೆಗೆ ಹೋಗುತ್ತಿದ್ದರು. ಅವಳೂ ತಪ್ಪದೆ ಹೋಗುತ್ತಿದ್ದಳು, ಮಾಮೂಲಿ ಬಟ್ಟೆಯಲ್ಲಿ. "ಮುಂದಿನ ಸಲ ಹಾಕ್ಕೊಂಡು ಬರ್ತೀನಿ" ಎಂದು ಎಷ್ಟು ಬಾರಿ ಹೇಳಿದ್ದಳೆಂದರೆ, ಬಳಗದಲ್ಲಿ ಅವಳ ಹೆಸರೇ 'ಮುಂದಿನ್ಸಲ' ಎಂದಾಗಿತ್ತು. ಆ ಹೆಸರಿಟ್ಟವನು ಬಸ್ ಡ್ರೈವರ್. ವಾರದಲ್ಲಿ ಆರು ದಿನ ಸಿಟಿ ಬಸ್ಸು ಓಡಿಸಿ, ಏಳನೆಯ ದಿನ ಇನ್ನೂರು ವರ್ಷ ಹಿಂದಿನ ಸಿಪಾಯಿಯ ಕೆಂಪು ಕೋಟು ತೊಟ್ಟು ಮೀಸೆ ತಿರುವುವ ಆಸಾಮಿ.

ತಪ್ಪು ಹುಡುಕುವುದು ಅವಳ ಹೊಟ್ಟೆಪಾಡೇ ಆಗಿತ್ತು. ಔಷಧಿ ಬಾಟಲಿಗಳಿಗೆ ಅಂಟಿಸುವ ಲೇಬಲ್ ಅಚ್ಚಾಗುವ ಪ್ರೆಸ್ಸಿನಲ್ಲಿ, ಕಿಟಕಿ ಪಕ್ಕದ ಓರೆ ಮೇಜಿನ ಮುಂದೆ, ಭೂತಗನ್ನಡಿ ಹಿಡಿದು ಕೂರುವುದು ಅವಳ ಕೆಲಸ. ಒಂದು ಸೊನ್ನೆ ಹೆಚ್ಚಾದರೆ, ಒಂದು ಚುಕ್ಕಿ ಜಾರಿದರೆ, ಯಾರದೋ ಮನೆಯ ಕೂಸಿನ ಬಾಯಿಗೆ ಎರಡು ಹನಿಯ ಬದಲು ಇಪ್ಪತ್ತು ಹನಿ ಬೀಳುತ್ತದೆ. ಹದಿನೇಳು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಒಂದು ಲೇಬಲ್ಲೂ ಅವಳ ಕೈ ತಪ್ಪಿಸಿಕೊಂಡು ಹೋಗಿರಲಿಲ್ಲ. ಆದರೆ ಮೊಸರಲ್ಲಿ ಕಲ್ಲು ಹುಡುಕುವ ಕಣ್ಣು ಸಂಜೆ ಐದೂವರೆಗೆ ಪ್ರೆಸ್ಸಿನಲ್ಲೇ ಉಳಿಯುತ್ತಿರಲಿಲ್ಲ. ಅವಳ ಹಿಂದೆಯೇ ಮನೆಗೆ ಬರುತ್ತಿತ್ತು.

ಈ ಸಲದ ವಿಷಯ ಬೇರೆಯಿತ್ತು. ಊರಿನ ಮ್ಯೂಸಿಯಮ್ಮಿನವರು ಬಳಗವನ್ನು ಕರೆದಿದ್ದರು. ಒಂದು ಭಾನುವಾರ, ಗಾಜಿನ ಪೆಟ್ಟಿಗೆಗಳಲ್ಲಿರುವ ಹನ್ನೆರಡು ಹಳೆಯ ಉಡುಪುಗಳ ಪಕ್ಕ ಅವುಗಳದ್ದೇ ನಕಲು ತೊಟ್ಟ ಹನ್ನೆರಡು ಜನ ನಿಲ್ಲಬೇಕು, ನೋಡಲು ಬಂದವರು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಯಾರು ಯಾವುದನ್ನು ಹೊಲಿಯುವುದೆಂದು ಹಂಚುವಾಗ ರೇಷ್ಮೆ, ಕಸೂತಿ, ಚಿನ್ನದ ದಾರ ಎಲ್ಲ ಮೊದಲ ಹತ್ತು ನಿಮಿಷದಲ್ಲೇ ಖರ್ಚಾದವು. ಉಳಿದದ್ದು ಬಟ್ಟೆ ಒಗೆದು ಬದುಕುತ್ತಿದ್ದ ಯಾವಳೋ ಒಬ್ಬಳ ಮೇಲಂಗಿ. ಕಂದು ಬಣ್ಣದ ಹತ್ತಿ ಬಟ್ಟೆ, ಮೇಲೆ ಬಿಳಿ ಎಲೆಯ ಅಚ್ಚು, ಸೊಂಟದುದ್ದ, ಮೊಣಕೈ ದಾಟಿ ಇಳಿಯುವ ಬಾಗಿದ ತೋಳು. ಹೆಸರಿಲ್ಲದವಳ ಬಟ್ಟೆ ಇಡೀ ಮ್ಯೂಸಿಯಮ್ಮಿನಲ್ಲಿ ಅದೊಂದೇ. "ಇದು ಯಾರಿಗೆ?" ಎಂದು ಕೇಳುವಷ್ಟರಲ್ಲಿ ಅವಳ ಕೈ ತಾನಾಗಿ ಮೇಲೆ ಹೋಗಿತ್ತು. ಮನಸ್ಸನ್ನು ಕೇಳದೆ ಕೈ ಮಾಡಿದ ಮೊದಲ ಕೆಲಸ ಅದು.

ಎಲ್ಲರೂ ಹೊರಟ ಮೇಲೆ ಡ್ರೈವರ್ ಹಿಂದೆ ಉಳಿದ.

"ಅಕ್ಕ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಈ ಸಲವೂ ಮುಂದಿನ ಸಲ ಅಂದ್ರೆ, ಆಮೇಲೆ ನಾವು ಕೇಳಲ್ಲ."

"ಕೋಪನಾ?"

"ಕೋಪ ಯಾಕೆ? ಕೇಳಿ ಕೇಳಿ ನಮಗೂ ಕಷ್ಟ, ನೆಪ ಹುಡುಕಿ ಹುಡುಕಿ ನಿಮಗೂ ಕಷ್ಟ. ಸುಮ್ನೆ ಬನ್ನಿ, ಚಹಾ ಕುಡೀರಿ, ಹೋಗಿ. ಅಷ್ಟೇ ಆಗುತ್ತೆ."

'ಅಷ್ಟೇ' ಎಂಬ ಮಾತು ಮೂರು ತಿಂಗಳು ಅವಳ ಕಿವಿಯಲ್ಲಿ ಕೂತಿತ್ತು.

ಹೊಲಿಗೆಯ ಮೇಜು, ಊಟದ ಮೇಜು, ಇಸ್ತ್ರಿಯ ಮೇಜು ಎಲ್ಲ ಒಂದೇ. ಮೂರನೆಯ ಮಹಡಿಯ ಆ ಮನೆಯಲ್ಲಿ ಅದನ್ನು ಬಿಟ್ಟರೆ ಬಟ್ಟೆ ಹರಡಲು ನೆಲವೇ ಗತಿ. ಮೇಜಿಗೆ ಎದುರಾಗಿ, ಕಿಟಕಿಗೆ ಬೆನ್ನು ಹಾಕಿ, ಅತ್ತೆಯ ಕುರ್ಚಿ. ಅತ್ತೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಹೊಲಿದದ್ದು ಕಾಲರ್ ಮಾತ್ರ. ಸಾಲಿನಲ್ಲಿ ಅವರ ಎಡಕ್ಕೆ ಕೂತವಳು ಜೇಬು, ಬಲಕ್ಕೆ ಕೂತವಳು ತೋಳಿನ ಪಟ್ಟಿ. ಬಟ್ಟೆ ಕತ್ತರಿಸುವವರು ಕೆಳಗಿನ ಮಹಡಿಯಲ್ಲಿ, ಗುಂಡಿ ಹಚ್ಚುವವರು ಮೇಲಿನ ಮಹಡಿಯಲ್ಲಿ. ದಿನಕ್ಕೆ ನಾನೂರು ಕಾಲರ್. ಅಂಗಿ ಎಂಬ ಇಡೀ ವಸ್ತುವನ್ನು ಅವರು ಕಂಡದ್ದು ರಸ್ತೆಯಲ್ಲಿ, ಇನ್ನೊಬ್ಬರ ಮೈಮೇಲೆ.

"ನಮ್ಮ ಕಾರ್ಖಾನೇಲಿ ನಿನ್ನಂಥೋಳು ಒಂದಿನ ಇರ್ತಿರ್ಲಿಲ್ಲ ಕಣೇ," ಎನ್ನುತ್ತಿದ್ದರು. "ಹೊಲಿಯೋದು ಒಂದು ಗೇಣು, ಬಿಚ್ಚೋದು ಒಂದು ಮೊಳ."

"ನಿಮ್ಮದು ಕೆಲಸ ಅತ್ತೆ. ನಂದು ಹವ್ಯಾಸ."

"ಹವ್ಯಾಸ ಅಂದ್ರೆ ಬೀರುವಿಗೆ ಹೊಲಿಯೋದಾ? ಬೀರು ದಿನಾ ಒಂದೊಂದು ಹಾಕ್ಕೊಂಡು ಮೆರೀತಿದೆ."

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಮೇಲೆ ಕೆಳಗೆ ಓಡಾಡಿ ಸುಸ್ತಾಗಿ ಬಂದು, ಇಬ್ಬರ ನಡುವೆ ಬಾಯಿ ಹಾಕದೆ ಊಟ ಮಾಡುವ ಜಾಣತನ ಕಲಿತಿದ್ದ.

ಭಾನುವಾರಕ್ಕೆ ಎಂಟು ದಿನ ಇರುವಾಗ ಮೇಲಂಗಿಯ ಮೈ ಸಿದ್ಧವಾಗಿತ್ತು. ಎಡಗೈಯ ತೋಳು ಕತ್ತರಿಸಿ ಪಕ್ಕಕ್ಕಿಟ್ಟಾಗಿತ್ತು. ಬಲಗೈಯದು ಮಾತ್ರ ಉಳಿದಿತ್ತು, ಅದಕ್ಕೆ ಸರಿಯಾಗಿ ಒಂದೇ ಒಂದು ತುಂಡು ಬಟ್ಟೆ ಉಳಿದಿತ್ತು. ಮತ್ತೆ ತರುವ ಹಾಗಿರಲಿಲ್ಲ. ಬಾಗಿಲು ಮುಚ್ಚುತ್ತಿದ್ದ ಹಳೆಯ ಬಟ್ಟೆಯಂಗಡಿಯ ಕೊನೆಯ ತಾನಿನ ಕೊನೆಯ ತುಂಡು ಅದು. ಆ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯವನು ಕೂತಿದ್ದ. ಅದಕ್ಕೇ ಅವಳು ದಿನವೂ ಕತ್ತರಿ ಎತ್ತಿಕೊಳ್ಳುವುದು, ಅಳತೆಯ ಕಾಗದವನ್ನು ಮತ್ತೊಮ್ಮೆ ಅಳೆಯುವುದು, ಬೆಳಕು ಸಾಲದೆಂದು ಕತ್ತರಿ ಕೆಳಗಿಡುವುದು. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ನಾಲ್ಕು ದಿನ ಮೀನಮೇಷ ಎಣಿಸಿದ್ದನ್ನು ಅತ್ತೆ ಕುರ್ಚಿಯಲ್ಲಿ ಕೂತು ನೋಡಿದ್ದರು, ಒಂದು ಮಾತೂ ಆಡದೆ. ಅತ್ತೆ ಮಾತಾಡದಿದ್ದಾಗ ಎಚ್ಚರವಾಗಿರಬೇಕು ಎಂಬುದು ಅವಳಿಗೆ ತಿಳಿದಿರಬೇಕಿತ್ತು.

ಬುಧವಾರ ಸಂಜೆ ಅವಳು ಬಾಗಿಲು ತೆಗೆದಾಗ ಅತ್ತೆ ಕುರ್ಚಿ ಬಿಟ್ಟು ಮೇಜಿನ ಹತ್ತಿರ ನಿಂತಿದ್ದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಕೈಕಾಲು ತೊಳ್ಕೊಂಡು ಬಾ. ನಿನಗೊಂದು ಕೆಲಸ ಕಮ್ಮಿ ಮಾಡಿದೀನಿ."

ಮೇಜಿನ ಮೇಲೆ ಬಲಗೈಯ ತೋಳು ಕತ್ತರಿಸಿ ಇಟ್ಟಿತ್ತು. ಅಂಚು ಎಷ್ಟು ನಯವಾಗಿತ್ತೆಂದರೆ ಅವಳ ಕತ್ತರಿ ಎಂದೂ ಅಷ್ಟು ನಯವಾಗಿ ಓಡಿರಲಿಲ್ಲ. ಉಳಿದ ಚೂರುಗಳನ್ನು ಅತ್ತೆ ಒಂದರ ಮೇಲೊಂದು ಪೇರಿಸಿ ಪಕ್ಕದಲ್ಲಿಟ್ಟಿದ್ದರು. ಅವಳು ತೋಳು ಎತ್ತಿಕೊಂಡು ಮೇಲಂಗಿಯ ಬಲ ಹೆಗಲಿಗೆ ನಾಲ್ಕು ಗುಂಡುಸೂಜಿ ಚುಚ್ಚಿದಳು. ಕೆಳಕ್ಕೆ ಬಿಟ್ಟು ನೋಡಿದಳು.

ಮೊಣಕೈ ಹಿಂದಕ್ಕೆ ಬಾಗಿತ್ತು. ಬಡಿದು ಮುರಿದ ಕೈಯ ಹಾಗೆ.

ಅತ್ತೆ ಅದೇ ಕಾಗದವನ್ನು, ಅದೇ ಮಗ್ಗುಲಲ್ಲಿ ಇಟ್ಟು ಕತ್ತರಿಸಿದ್ದರು. ಎರಡನೆಯ ತೋಳಿಗೆ ಕಾಗದವನ್ನು ಮಗುಚಿ ಇಡಬೇಕು. ಮೂವತ್ತೊಂದು ವರ್ಷ ಹೊಲಿದವರಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಕಾಲರಿಗೆ ಎಡ ಬಲ ಇಲ್ಲ, ಕತ್ತರಿಸುವವರು ಕೆಳಗಿನ ಮಹಡಿಯಲ್ಲಿದ್ದರು. ಬಟ್ಟೆಯನ್ನೇ ತಿರುಗಿಸಿ ಹೊಲಿಯೋಣವೆಂದರೆ ಅಚ್ಚು ಇದ್ದದ್ದು ಒಂದೇ ಮೈಗೆ. ಹಿಂದುಗಡೆ ಬರೀ ಮಬ್ಬು ಕಂದು.

"ಏನಾಯ್ತೇ?" ಎಂದರು ಅತ್ತೆ.

"ಎರಡೂ ಎಡಗೈದು ಅತ್ತೆ."

ಅತ್ತೆ ಹತ್ತಿರ ಬಂದು ನೋಡಿದರು. ತಮ್ಮ ಬಲಗೈಯನ್ನು ಮುಂದಕ್ಕೆ ಮಡಚಿ, ತೋಳನ್ನು ಅದರ ಪಕ್ಕ ಹಿಡಿದು, ಮತ್ತೊಮ್ಮೆ ನೋಡಿದರು. ಆಮೇಲೆ ಅವಳ ಮುಖವನ್ನು ನೋಡಿದರು. ಅಲ್ಲಿ ಅವರಿಗೆ ಏನು ಕಂಡಿತೋ, ತಿರುಗಿ ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಅವಳು ಕುರ್ಚಿಯಲ್ಲಿ ಕೂತಳು. ಸಿಟ್ಟು ಬರಲೆಂದು ಕಾದಳು, ಬರಲಿಲ್ಲ. ಅಳು ಬರಲೆಂದು ಕಾದಳು, ಅದೂ ಬರಲಿಲ್ಲ. ಬಂದದ್ದು ಬೇರೆಯೇ. ಬಿಗಿಯಾಗಿ ಕಟ್ಟಿದ್ದ ಸೊಂಟದ ದಾರವನ್ನು ಯಾರೋ ಸಡಿಲಿಸಿದಂತೆ ಒಳಗೆಲ್ಲ ಹಾಯೆನ್ನಿಸಿತು. ಭಾನುವಾರ ಹೋಗಬೇಕಾಗಿಲ್ಲ. ಅಪರಿಚಿತರ ಮುಂದೆ ನಿಲ್ಲಬೇಕಾಗಿಲ್ಲ. ಈ ಸಲ ತಪ್ಪು ನನ್ನದೂ ಅಲ್ಲ. ಯಾರು ಕೇಳಿದರೂ ತಲೆ ಎತ್ತಿ ಹೇಳಬಹುದು. ಆ ನಿರಾಳದ ಹಿಂದೆಯೇ, ಅದರ ಸೆರಗು ಹಿಡಿದುಕೊಂಡು, ನಾಚಿಕೆಯೂ ಬಂದು ನಿಂತಿತು. ಕುಣಿಯಲಾರದವಳಿಗೆ ನೆಲವನ್ನು ಡೊಂಕು ಮಾಡಿಕೊಡಲು ಮನೆಯಲ್ಲೇ ಒಬ್ಬರು ಸಿಕ್ಕರು ಎಂದು ಸಂತೋಷಪಡುತ್ತಿದ್ದೇನಲ್ಲ.

ಆ ರಾತ್ರಿ ಅತ್ತೆ ಊಟಕ್ಕೆ ಏಳಲಿಲ್ಲ. ಗಂಡ ಎರಡು ತೋಳುಗಳನ್ನೂ ಎತ್ತಿ ದೀಪಕ್ಕೆ ಹಿಡಿದು ನೋಡಿದ.

"ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತಾರೆ. ಅತ್ತೆ ಕತ್ತರಿಸಿದ ತೋಳಿಗೆ?"

"ಸುಮ್ನಿರಿ. ಕೇಳಿಸುತ್ತೆ."

"ಕೇಳಿಸ್ಲಿ ಅಂತಾನೇ ಹೇಳ್ದೆ," ಎಂದು ಅವನು ಕೋಣೆಯ ಬಾಗಿಲನ್ನು ನೋಡಿದ. ಅಮ್ಮ ಮಾತಿಗೆ ಮಾತು ಕೊಡದ್ದನ್ನು ಅವನು ಕಂಡದ್ದು ಕಮ್ಮಿ. ಅವನ ಮುಖವೂ ಸಣ್ಣದಾಯಿತು.

ಗುರುವಾರ ಮಧ್ಯಾಹ್ನ ಅವಳು ಊಟದ ಬಿಡುವಿನಲ್ಲಿ ಮ್ಯೂಸಿಯಮ್ಮಿಗೆ ಹೋದಳು. ಬರುವುದಿಲ್ಲವೆಂದು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮೂರು ತಿಂಗಳು ಗಾಜಿಗೆ ಮೂಗು ಒತ್ತಿ ಅಳತೆ ತೆಗೆದುಕೊಂಡವಳು ಮುಖ ತೋರಿಸದೆ ಜಾರಿಕೊಳ್ಳುವುದು ಸರಿಯೆನಿಸಲಿಲ್ಲ. ಬಸ್ಸಿನಲ್ಲಿ ವಾಕ್ಯ ಸಿದ್ಧಮಾಡಿಕೊಂಡಳು. 'ಮನೆಯಲ್ಲಿ ಒಂದು ಅಚಾತುರ್ಯ ನಡೆದ ಕಾರಣ.' ಅಚಾತುರ್ಯ ಸರಿಯೋ, ಅನಾಹುತ ಸರಿಯೋ ಎಂದು ಎರಡು ನಿಲ್ದಾಣ ಯೋಚಿಸಿದಳು.

ಉಡುಪು ವಿಭಾಗದ ಮೇಡಂ ಹಿಂದಿನ ಕೋಣೆಯಲ್ಲಿದ್ದರು. ಭಾನುವಾರಕ್ಕಾಗಿ ಗಾಜಿನ ಪೆಟ್ಟಿಗೆಗಳನ್ನು ಒರೆಸುತ್ತಿದ್ದುದರಿಂದ ಉಡುಪುಗಳನ್ನೆಲ್ಲ ಹೊರಗೆ ತೆಗೆದು ಉದ್ದನೆಯ ಮೇಜುಗಳ ಮೇಲೆ ತೆಳು ಕಾಗದ ಹಾಸಿ ಮಲಗಿಸಿದ್ದರು. ಕಂದು ಮೇಲಂಗಿ ಕೊನೆಯ ಮೇಜಿನ ಮೇಲೆ, ತೋಳುಗಳನ್ನು ತಲೆಯ ಮೇಲಕ್ಕೆ ಚಾಚಿ, ನಿದ್ದೆ ಹೋದವರ ಹಾಗೆ ಬಿದ್ದುಕೊಂಡಿತ್ತು. ಪೆಟ್ಟಿಗೆಯೊಳಗೆ ಅದರ ತೋಳುಗಳು ಸದಾ ಕೆಳಕ್ಕೆ ಇಳಿಬಿದ್ದಿರುತ್ತಿದ್ದವು. ಅವಳು ಅದರ ಕಂಕುಳನ್ನು ಕಂಡದ್ದು ಅದೇ ಮೊದಲು.

ಅಲ್ಲಿ ತೇಪೆಗಳಿದ್ದವು. ಒಂದಲ್ಲ, ಎರಡಲ್ಲ, ಐದು. ಕಂಕುಳಿನಿಂದ ಮೊಣಕೈವರೆಗೆ ಬಲ ತೋಳಿನ ಒಳಮಗ್ಗುಲು ಅಂಗೈಯಗಲದ, ಎರಡು ಬೆರಳಗಲದ ಚೂರುಗಳನ್ನು ಕೂಡಿಸಿ ಮಾಡಿದ್ದು. ಒಂದು ಚೂರಿನಲ್ಲಿ ಎಲೆಗಳು ತಲೆಕೆಳಗು. ಇನ್ನೊಂದರಲ್ಲಿ ಎಲೆಯೇ ಇಲ್ಲ. ಅವಸರದಲ್ಲಿ ಹಿಂದುಮುಂದಾಗಿ ಹೊಲಿದುಬಿಟ್ಟಿದ್ದರು. ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆಗಳು, ಅರ್ಧದಲ್ಲಿ ದಾರದ ಬಣ್ಣವೇ ಬದಲಾಗಿತ್ತು.

"ಇದು... ಆಮೇಲೆ ಯಾರಾದ್ರೂ ರಿಪೇರಿ ಮಾಡಿದ್ದಾ?" ಎಂದು ಕೇಳಿದಳು.

"ಇಲ್ಲ ಇಲ್ಲ. ಹೊಲಿದಾಗ್ಲೇ ಹೀಗೆ," ಎಂದರು ಮೇಡಂ. "ಬಟ್ಟೆ ಸಾಲದೆ ಬಂದಿರ್ಬೇಕು. ಇಲ್ಲ ತಪ್ಪು ಕತ್ತರಿಸಿರ್ಬೇಕು. ಆ ಕಾಲದ ಬಟ್ಟೆ ಹತ್ತು ಬಿಚ್ಚಿ ನೋಡಿದ್ರೆ ಎಂಟು ಹೀಗೇ ಇರುತ್ತೆ. ರೇಷ್ಮೆದೂ ಅಷ್ಟೇ. ಯಾರೂ ಬಿಸಾಡ್ತಿರ್ಲಿಲ್ಲ. ಕೈ ಎತ್ತಿದ್ರೆ ತಾನೆ ಕಾಣೋದು?" ಆಮೇಲೆ ನಕ್ಕರು. "ನಿಮ್ಮ ತೋಳು ಒಂದೇ ತುಂಡಿನದಾ? ಹಾಗಾದ್ರೆ ಇವಳಿಗಿಂತ ನೀವೇ ಅನುಕೂಲಸ್ಥರು ಬಿಡಿ."

ಮೂರು ತಿಂಗಳು ಕೂದಲೆಳೆಯಷ್ಟು ಲೆಕ್ಕ ಹಾಕಿದ್ದಳು. ಕತ್ತಿನ ಆಳ, ಬೆನ್ನಿನ ಅಗಲ, ಅಚ್ಚಿನ ಎಲೆಯ ಉದ್ದ. ತೋಳು ಮಾತ್ರ ಇಡೀ ತಪ್ಪಾಗಿತ್ತು. ತಪ್ಪಿಲ್ಲದ್ದರಿಂದ ತಪ್ಪಾಗಿತ್ತು. ಅವಳು ಬಗ್ಗಿ ನೋಡಿದಳು. ತೇಪೆಯ ಮೇಲೆ ಬೆವರಿನ ಹಳೆಯ ಕಲೆ ಹರಡಿತ್ತು. ಮೊಣಕೈ ಸವೆದು ನೂಲು ನೂಲಾಗಿತ್ತು. ತಲೆಕೆಳಗಿನ ಎಲೆಗಳ ಮೇಲಿಂದಲೇ ಬಕೆಟ್ಟುಗಟ್ಟಲೆ ನೀರು ಹೋಗಿತ್ತು. ಯಾವಳೋ ಪುಣ್ಯಾತಗಿತ್ತಿ ಇದನ್ನು ತೊಟ್ಟೇ ತೊಟ್ಟಿದ್ದಳು, ವರ್ಷಾನುಗಟ್ಟಲೆ, ಬಟ್ಟೆ ಒಣಹಾಕುವಾಗ ದಿನಕ್ಕೆ ನೂರು ಸಲ ಕೈ ಎತ್ತಿದ್ದಳು.

"ಏನೋ ಹೇಳೋಕೆ ಬಂದಿದ್ರಿ?" ಎಂದರು ಮೇಡಂ.

"ಬಲ ತೋಳು," ಎಂದಳು ಅವಳು. "ಸ್ವಲ್ಪ ಬರ್ಕೊಳ್ಲಾ? ಚೂರುಗಳು ಹೇಗೆ ಕೂಡಿಸಿದಾರೆ ಅಂತ."

ಸಂಜೆ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವಳು ಚಹಾದ ಲೋಟವನ್ನು ಪಕ್ಕದಲ್ಲಿಟ್ಟು ಮಂಚದ ತುದಿಗೆ ಕೂತಳು.

"ಏಳಿ ಅತ್ತೆ. ಕೆಲಸ ಇದೆ."

"ನನ್ನ ಕೈ ಸುಟ್ಟುಹೋಗ್ಲಿ."

"ಸುಟ್ಟುಹೋದ್ರೆ ಹೊಲಿಯೋರು ಯಾರು? ನನ್ನೊಬ್ಬಳಿಂದ ಭಾನುವಾರದೊಳಗೆ ಮುಗಿಯಲ್ಲ."

ಅತ್ತೆ ಮಗ್ಗುಲಾದರು. "ನಿನಗೆ ಹೋಗೋ ಮನಸ್ಸಿದೆಯಾ?"

ಅವಳು ಲೋಟವನ್ನು ಅತ್ತೆಯ ಹತ್ತಿರಕ್ಕೆ ಸರಿಸಿದಳು. ಆಮೇಲೆ ಹೇಳಿಬಿಟ್ಟಳು. "ನಿಜ ಹೇಳ್ಲಾ ಅತ್ತೆ? ತೋಳು ತಪ್ಪಿದೆ ಅಂತ ಗೊತ್ತಾದಾಗ ನನಗೆ ಹಾಯೆನ್ನಿಸ್ತು."

"ಗೊತ್ತು. ನಿನ್ನ ಮುಖ ನೋಡ್ದೆ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಬಟ್ಟೆ ಕೆಟ್ಟಿದ್ದಕ್ಕಲ್ಲ." ಅತ್ತೆ ಎದ್ದು ಕೂತು ಚಹಾ ಕೈಗೆತ್ತಿಕೊಂಡರು. "ಆರು ವರ್ಷದಿಂದ ನೋಡ್ತಾ ಇದೀನಿ. ಮೂವತ್ತೊಂದು ವರ್ಷ ಕಾಲರ್ ಹೊಲಿದೆ. ಲಾರಿ ತುಂಬಿ ಹೋಗ್ತಿತ್ತು. ಯಾರು ಹಾಕ್ಕೊಂಡ್ರೋ, ಎಲ್ಲಿಗೆ ಹೋದ್ರೋ, ಒಬ್ಬರ ಮುಖ ಗೊತ್ತಿಲ್ಲ. ನಿನ್ನ ಕೈಯಲ್ಲಿ ಪೂರ್ತಿ ಬಟ್ಟೆ ಆಗುತ್ತೆ, ಕತ್ತಿನಿಂದ ಕಾಲಿನವರೆಗೆ. ಅದನ್ನ ಹಾಕ್ಕೊಂಡು ಒಬ್ಬಳಾದ್ರೂ ಈ ಬಾಗಿಲಿಂದ ಆಚೆ ಹೋಗೋದನ್ನ ನೋಡ್ಬೇಕು ಅನ್ನಿಸ್ತು. ನೀನು ಕತ್ತರಿ ಎತ್ತೋದು ಇಡೋದು ನೋಡಿ ತಡ್ಕೊಳ್ಳೋಕಾಗ್ಲಿಲ್ಲ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಅದನ್ನೂ ಮೂರು ಸಲ ಅಳೀತಿದ್ದೆ."

ಮೇಜಿನ ಮೇಲೆ ತಪ್ಪಿದ ತೋಳನ್ನು ಹರಡಿ, ಅದರ ಮೇಲೆ ಕಾಗದವನ್ನು ಮಗುಚಿ ಇಟ್ಟರು. ಬೆನ್ನಿನ ಕಡೆ ಮೂರು ಬೆರಳು ಹೆಚ್ಚಿತ್ತು, ಕಂಕುಳ ಕಡೆ ಮೂರು ಬೆರಳು ಕಮ್ಮಿ. ಹೆಚ್ಚಿದ್ದನ್ನು ಕತ್ತರಿಸಿ ಕಮ್ಮಿಯಿದ್ದಲ್ಲಿಗೆ ತರಬೇಕು, ಉಳಿದದ್ದನ್ನು ಚೂರುಗಳಿಂದ ತುಂಬಬೇಕು. ಅವಳು ಮ್ಯೂಸಿಯಮ್ಮಿನಲ್ಲಿ ಬರೆದುಕೊಂಡ ಚಿತ್ರವನ್ನು ನಡುವೆ ಇಟ್ಟಳು. ಅತ್ತೆ ಕನ್ನಡಕ ಏರಿಸಿ ಅದನ್ನು ಕಾರ್ಖಾನೆಯ ಮೇಲ್ವಿಚಾರಕರ ಹಾಗೆ ಪರೀಕ್ಷಿಸಿದರು.

"ಇವಳೂ ನನ್ನ ಥರಾನೇ ಕತ್ತರಿಸಿದಾಳೆ," ಎಂದರು. "ಇಲ್ಲ ಇವಳ ಅತ್ತೆ ಕತ್ತರಿಸಿದಾಳೆ."

ಮುಂದಿನ ಎರಡು ಸಂಜೆ ಇಬ್ಬರೂ ಒಂದೇ ತೋಳಿನ ಎರಡು ಕಡೆ ಕೂತು ಹೊಲಿದರು. ಅತ್ತೆಯ ಕೈ ಮಷೀನಿಗೆ ಪಳಗಿದ್ದು. ಬರೀ ಸೂಜಿ ಹಿಡಿದರೆ ಹದ ತಪ್ಪುತ್ತಿತ್ತು. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ಒಂದು ಚೂರಿನಲ್ಲಿ ಎಲೆಗಳು ಅಡ್ಡಡ್ಡ ಬಿದ್ದವು. ಅವಳ ಬೆರಳು ತಾನಾಗಿ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಹುಡುಕಿತು. ಡಬ್ಬಿಯಲ್ಲಿರಲಿಲ್ಲ. ಮೇಜಿನ ಕೆಳಗೂ ಇರಲಿಲ್ಲ.

"ಅತ್ತೆ, ಕೊಕ್ಕೆ ನೋಡಿದ್ರಾ?"

"ಇಲ್ಲಪ್ಪ."

"ನಿಮ್ಮ ಕನ್ನಡಕದ ಡಬ್ಬಿಯಿಂದ ಅದರ ತುದಿ ಕಾಣ್ತಾ ಇದೆ."

"ಕಾಣ್ಲಿ. ಭಾನುವಾರ ಸಾಯಂಕಾಲ ಕೊಡ್ತೀನಿ." ಅತ್ತೆ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು. "ಅಲ್ಲ, ಇಷ್ಟೆಲ್ಲ ಒದ್ದಾಡಿ ಮಾಡ್ತಾ ಇದೀವಿ, ಈ ಅಂಗಿಗೆ ಕಾಲರೇ ಇಲ್ವಲ್ಲೇ. ನನ್ನ ಹಣೇಬರಹ ನೋಡು."

ಗಂಡ ಊಟದ ತಟ್ಟೆ ಹಿಡಿದು ನೆಲದ ಮೇಲೆ ಕೂತಿದ್ದ, ಮೇಜು ಖಾಲಿಯಿರಲಿಲ್ಲ. ಇಬ್ಬರೂ ನಗುವುದು ಕೇಳಿ ತಲೆಯೆತ್ತಿ ನೋಡಿ, ಜಾಣತನದಿಂದ ಮತ್ತೆ ತಟ್ಟೆ ನೋಡಿಕೊಂಡ.

ಭಾನುವಾರ ಬೆಳಿಗ್ಗೆ ಮೇಲಂಗಿ ತೊಟ್ಟು, ಕೆಳಗೆ ಗಿಡ್ಡನೆಯ ದಪ್ಪ ಲಂಗ ಕಟ್ಟಿ, ತಲೆಗೆ ಬಿಳಿ ವಸ್ತ್ರ ಸುತ್ತಿ ಅವಳು ಕನ್ನಡಿಯ ಮುಂದೆ ನಿಂತಳು. ಕಣ್ಣು ಒಂದೊಂದೇ ತಪ್ಪು ಎಣಿಸತೊಡಗಿತು. ಎಡ ಹೆಗಲು ತುಸು ಎತ್ತರ. ಮುಂದಿನ ಮಡಿಕೆ ತುಸು ಓರೆ. ಬಲ ತೋಳು... ಅಷ್ಟರಲ್ಲಿ ಅತ್ತೆ ಕನ್ನಡಿಗೆ ಅಡ್ಡ ಬಂದು ನಿಂತರು. ಒಳ್ಳೆಯ ಬಟ್ಟೆ ಉಟ್ಟು, ಕೈಚೀಲ ಹಿಡಿದು ಸಿದ್ಧವಾಗಿದ್ದರು.

"ನೀವು ಎಲ್ಲಿಗೆ?"

"ನಿನ್ನ ಹಿಂದೆ. ನೀನು ಅರ್ಧ ದಾರೀಲಿ ತಿರುಗಿ ಬಂದ್ರೆ ಎದುರಿಗೆ ಸಿಗೋಕೆ."

ಗಂಡ ಬಾಗಿಲು ತೆರೆದು ಹಿಡಿದ. "ಲಿಫ್ಟಲ್ಲಿ ಹೋಗ್ತೀಯೋ, ಮೆಟ್ಟಿಲಲ್ಲೋ? ಆ ಕಾಲದಲ್ಲಿ ಲಿಫ್ಟ್ ಇರ್ಲಿಲ್ಲ. ನನ್ನಂಥೋರಿಗೆ ಕೆಲಸಾನೂ ಇರ್ಲಿಲ್ಲ." ಅವಳು ಮೆಟ್ಟಿಲು ಇಳಿದಳು. ಹೊಸ್ತಿಲು ದಾಟಿದ ಕ್ಷಣ ಅವಳಿಗೆ ಗೊತ್ತೇ ಆಗಲಿಲ್ಲ. ಲಂಗ ಕಾಲಿಗೆ ತೊಡರದಂತೆ ಹಿಡಿಯುವುದರಲ್ಲೇ ಮೂರು ಮಹಡಿ ಕಳೆದಿತ್ತು. ಕೆಳಗಿನ ಮನೆಯವರು ಕಸದ ಬುಟ್ಟಿ ಹಿಡಿದು ನಿಂತವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾಟಕನಾ?"

"ಅಲ್ಲ," ಎಂದಳು. "ಹೀಗೇ."

"ಚೆನ್ನಾಗಿದೆ. ಬಟ್ಟೆ ಎಲ್ಲಿ ಸಿಕ್ತು?" ಎಂದರು ಅವರು. ಅಷ್ಟೇ. ಆರು ವರ್ಷ ಹೆದರಿದ್ದ ಪ್ರಶ್ನೆ ಇದೇ ಇರಬೇಕು.

ಬಸ್ಸಿನಲ್ಲಿ ಅವಳು ಬಾಗಿಲ ಬಳಿಯ ಕಂಬವನ್ನು ತೀರ ಕೆಳಗೆ, ಸೊಂಟದ ಎತ್ತರದಲ್ಲಿ ಹಿಡಿದು, ಮೊಣಕೈಯನ್ನು ಮೈಗೆ ಅಂಟಿಸಿಕೊಂಡು ನಿಂತಳು. ಮ್ಯೂಸಿಯಮ್ಮಿನಲ್ಲೂ ಮೊದಲ ಒಂದು ಗಂಟೆ ಹಾಗೇ ನಿಂತಿದ್ದಳು. ಕೆಂಪು ಕೋಟಿನ ಡ್ರೈವರ್ ಅವಳನ್ನು ಕಂಡವನು ಬಂದು ಎರಡೂ ಕಾಲು ಜೋಡಿಸಿ ಸಲಾಮು ಹೊಡೆದ.

ಜನ ರೇಷ್ಮೆಯ ಕಡೆಗೇ ಹೆಚ್ಚು ಹೋದರು. ಅವಳ ಪೆಟ್ಟಿಗೆಯ ಹತ್ತಿರ ಬಂದು ನಿಂತದ್ದು ಆ ದಿನ ನೆಲ ಒರೆಸುವ ಕೆಲಸದಲ್ಲಿದ್ದ ಹೆಂಗಸು. ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಪೆಟ್ಟಿಗೆಯೊಳಗಿನದನ್ನೂ ಅವಳ ಮೈಮೇಲಿನದನ್ನೂ ಬದಲಿಸಿ ಬದಲಿಸಿ ನೋಡಿದಳು.

"ಇಷ್ಟು ಬಿಗಿ ತೋಳಲ್ಲಿ ಬಟ್ಟೆ ಒಗೆಯೋದು ಹೇಗಮ್ಮ? ಕೈ ಎತ್ತೋಕಾಗ್ತಿತ್ತಾ?"

ಅವಳು ಬಲಗೈ ಎತ್ತಿದಳು. ಹಗ್ಗದ ಮೇಲೆ ಬಟ್ಟೆ ಹರವುವ ಹಾಗೆ ಪೂರ್ತಿ ಚಾಚಿದಳು. ಕಂಕುಳಲ್ಲಿ ಒಂದು ಟಾಕು ಟಪ್ಪೆಂದಿತು. ಕಿತ್ತದ್ದು ಅಷ್ಟೇ. ತೋಳು ಹರಿಯದೆ ನಿಂತಿತು.

"ಓ, ಇಲ್ಲಿ ಚೂರು ಸೇರಿಸಿದ್ರಿಂದ ಸಡಿಲ ಸಿಕ್ಕಿದೆ," ಎಂದಳು ಆ ಹೆಂಗಸು, ಹತ್ತಿರ ಬಂದು ಅಡ್ಡಡ್ಡ ಬಿದ್ದ ಎಲೆಗಳನ್ನು ನೋಡಿ. "ನಾನೂ ಮಕ್ಕಳ ಅಂಗಿಗೆ ಹೀಗೇ ಮಾಡ್ತಿದ್ದೆ. ಯಾರು ಹೊಲಿದಿದ್ದು ಇದನ್ನ?"

"ನಮ್ಮತ್ತೆ," ಎಂದಳು ಅವಳು.

ಆಚೆ ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ಅದು ಕೇಳಿಸಿತೋ ಇಲ್ಲವೋ ಹೇಳುವುದು ಕಷ್ಟ. ಅವರು ಆಗ ಡ್ರೈವರನ ಕೋಟಿನ ಕತ್ತುಪಟ್ಟಿ ಹಿಡಿದು ಅವನನ್ನು ಬಗ್ಗಿಸಿಕೊಂಡಿದ್ದರು.

"ಯಾರಪ್ಪ ಇದನ್ನ ಹೊಲಿದಿದ್ದು?"

"ನಾನೇ ಅಜ್ಜಿ."

"ಕಾಲರ್ ನೋಡು, ನಾಯಿ ಕಿವಿ ಥರ ಮಡಚ್ಕೊಂಡಿದೆ. ಒಳಗೆ ದಪ್ಪ ಬಟ್ಟೆ ಇಟ್ಟಿಲ್ವಾ? ಬಿಚ್ಚು."

"ಈಗ್ಲೇನಾ? ಮುಂದಿನ ಸಲ ಸರಿ ಮಾಡ್ಕೊಂಡು ಬರ್ತೀನಿ ಅಜ್ಜಿ."

"ನಮ್ಮ ಮನೇಲಿ ಆ ಮಾತು ಕೇಳಿ ಕೇಳಿ ಸಾಕಾಗಿದೆ," ಎಂದರು ಅತ್ತೆ. ಬಳಗದವರೆಲ್ಲ ಒಮ್ಮೆಲೇ ತಿರುಗಿ ಅವಳನ್ನು ನೋಡಿದರು. ಅವಳೂ ನಕ್ಕಳು.

ಸಂಜೆ ಮನೆಗೆ ಹೋಗುವ ಬಸ್ಸು ತುಂಬಿತ್ತು. ಅತ್ತೆಗೆ ಸೀಟು ಸಿಕ್ಕಿತು. ಅವರ ಮಡಿಲಲ್ಲಿ, ಒಂದು ದೊಡ್ಡ ಚೀಲದಲ್ಲಿ ಮಡಚಿಟ್ಟ ಕೆಂಪು ಕೋಟು. ಡ್ರೈವರ್ ಟೀ ಶರ್ಟಿನಲ್ಲಿ ಮನೆಗೆ ಹೋಗಿದ್ದ. ಅವಳು ಪಕ್ಕದಲ್ಲಿ ನಿಂತು ನಾಳೆಯ ಲೇಬಲ್ಲುಗಳ ಬಗ್ಗೆ, ಕಪ್ಪು ಅಂಗಿಯ ಬಗ್ಗೆ ಯೋಚಿಸುತ್ತಿದ್ದಳು. ಅದರಲ್ಲಿ ಏನು ಕೊರತೆ ಎಂದು ಈಗ ಹೊಳೆಯುತ್ತಿತ್ತು. ಬೆವರಿನ ಕಲೆ ಇಲ್ಲ. ಬರುವ ತಿಂಗಳು ಅದನ್ನು ತೊಟ್ಟು ಬಿಸಿಲಿಗೆ ಇಳಿಯಬೇಕು.

ಎರಡು ನಿಲ್ದಾಣ ಕಳೆದ ಮೇಲೆ ತನ್ನ ಬಲಗೈ ಎಲ್ಲಿದೆಯೆಂದು ಅವಳಿಗೆ ನೆನಪಾಯಿತು. ತಲೆಯ ಮೇಲಿನ ಸರಳನ್ನು ಹಿಡಿದು ಅದು ಪೂರ್ತಿ ಮೇಲಕ್ಕೆ ಚಾಚಿತ್ತು. ಐದು ಚೂರುಗಳೂ, ಅಡ್ಡಬಿದ್ದ ಎಲೆಗಳೂ, ಕಿತ್ತುಹೋದ ಟಾಕಿನ ದಾರದ ತುದಿಯೂ ಇಡೀ ಬಸ್ಸಿಗೆ ಕಾಣುತ್ತಿದ್ದವು. ಎದುರಿನ ಸೀಟಿನ ಹುಡುಗಿಯೊಬ್ಬಳು ಬಾಯಿ ತೆರೆದು ಅದನ್ನೇ ನೋಡುತ್ತಿದ್ದಳು. ಕೈ ಇಳಿಯಲು ಹೊರಟಿತು.

"ಸರಳು ಬಿಟ್ರೆ ಬೀಳ್ತೀಯ," ಎಂದರು ಅತ್ತೆ, ಕೋಟಿನ ಕಾಲರ್ ಸವರುತ್ತ, ತಲೆಯೆತ್ತದೆ. "ಗಟ್ಟಿಯಾಗಿ ಹಿಡ್ಕೋ."

ಅವಳು ಹಿಡಿದುಕೊಂಡಳು.